ಮದ್ದು

ಕೋವಿಗೆ ತುಂಬಿದರೆ ಮದ್ದು,
ಕೂಸಿನ ಕೆಮ್ಮಿಗೆ ತೇದರೆ ಮದ್ದು,
ಆಗದವರ ಅನ್ನದಲ್ಲಿ ಬೆರೆಸಿದರೂ ಮದ್ದೇ.
ಚೋಂದವ್ವ, ಆ ಒಂದೇ ಮಾತಿನೊಳಗೆ
ಊರು ನಿನ್ನನ್ನು ಹೂತಿತು.

ಹಾಲೇರಿಯವರಿಗೂ ಹೊರಮಲೆಯವರಿಗೂ
ಗದ್ದುಗೆ ಒಂದೇ, ಕೂರುವ ಕುಂಡೆ ಎರಡು.
ಅದರ ನ್ಯಾಯ ನಮಗೇನು ಗೊತ್ತು?
ಗೊತ್ತಿದ್ದದ್ದು ಇಷ್ಟು: ಹುಟ್ಟಿದ ಮನೆ ಆ ಕಡೆ,
ಕೊಟ್ಟ ಮನೆ ಈ ಕಡೆ, ನಡುವೆ ಹಟ್ಟಿಹೊಳೆ.
ಅಲ್ಲಿ ಅಣ್ಣ ಕುಟ್ಟ ಕೋವಿ ಒರೆಸುತ್ತಿದ್ದ.
ಇಲ್ಲಿ ಗಂಡ ಮೊಣ್ಣ ಗುಂಡು ಎರೆಯುತ್ತಿದ್ದ,
ಸೀಸ ಕರಗಿಸಲಿಕ್ಕೆ
ನನ್ನ ಒಗ್ಗರಣೆ ಸೌಟನ್ನೇ ಒಯ್ದಿದ್ದ.

ಮದ್ದಿನ ಚೀಲ ಹನ್ನೊಂದು,
ತಕ್ಕರ ಮನೆಯ ಏಲಕ್ಕಿ ಗೂಡಿನಲ್ಲಿ.
ಕಾವಲಿಗೆ ಬಿದ್ದ. ಅವನಿಗೆ ದೇಚಿ ಕಳ್ಳು ಕೊಟ್ಟಳು,
ಹೆಸರಿಗೆ ತಕ್ಕ ಹಾಗೆ ಬಿದ್ದ.
ಆರು ಕೊಡ, ಐದು ಹೆಂಗಸರು;
ನಿನ್ನದು ತಲೆಗೊಂದು, ಸೊಂಟಕ್ಕೊಂದು.
ಕಾಲುಂಗುರಕ್ಕೆ ಬಟ್ಟೆ ಸುತ್ತಿದ್ದೆವು.
ಮದುವೆಯ ರಾತ್ರಿ ನೀರು ಹೊತ್ತಾಗ
ದಾರಿಗಡ್ಡ ನಿಂತು ಕುಣಿಯುವವರಿದ್ದರು,
ಅಂದು ಒಂದು ನಾಯಿಯೂ ಅಡ್ಡ ಬರಲಿಲ್ಲ.

ಚೀಲಗಳು ಗುಟುಕು ಗುಟುಕಾಗಿ ಕುಡಿದವು,
ಬಾಯಾರಿದ ಎಮ್ಮೆಗಳ ಹಾಗೆ.
ನನಗೆ ನಗು ಬಂತು.
ನೀನು ನನ್ನ ಬಾಯಿಗೆ ಕೈ ಅಡ್ಡ ಇಟ್ಟೆ,
ಕಾಚಂಪುಳಿಯ ಹುಳಿ ನಾರುವ ಕೈ.

ಬೆಳಗ್ಗೆ ನೋಡಿದರೆ ಹನ್ನೊಂದು ಚೀಲ ಕರಿ ಗಂಜಿ.
ಮಳೆಯಿಲ್ಲದ ತಿಂಗಳು, ಸೋರದ ಮಾಡು.
ಹಾಗಾದರೆ ಒಡಿ. ಹಾಗಾದರೆ ಮಾಟ.
ಹೆಂಗಸರು ಐವರು ಸೇರಿ ಯೋಚಿಸಿದರು,
ಕೊಡ ಹೊತ್ತು ನಡೆದರು ಎಂಬುದಕ್ಕಿಂತ
ಒಬ್ಬಳು ಗಾಳಿಯಲ್ಲಿ ಹಾರಿದಳೆಂದು ನಂಬುವುದು
ಅವರಿಗೆ ಸುಲಭ.

ಕಣಿಯ ಕವಡೆ ಚೆಲ್ಲಿದ.
ಕವಡೆ ಏನು ಹೇಳಿತೋ,
ಎಲ್ಲರ ಮುಖ ಮೊದಲೇ ನಿನ್ನ ಮನೆ ಕಡೆಗಿತ್ತು.
ಬಲಗಣ್ಣಲ್ಲಿ ಹೂ ಬಿದ್ದವಳು,
ಗಂಡ ಸತ್ತ ಮೇಲೂ ಸಿಳ್ಳೆ ಹಾಕಿ ಜೇನು ಕರೆಯುವವಳು,
ಹಸು ಅವಳಿ ಕರು ಹಾಕಿದ ಮನೆಯವಳು.
ಹಿಂದಿನ ವರ್ಷ ಹೆಂಡಿರ ಹೆರಿಗೆಗೆ
ನಡುರಾತ್ರಿ ಕೊಳ್ಳಿ ಹಿಡಿದು ನಿನ್ನ ಬಾಗಿಲು ತಟ್ಟಿದವರೂ
ಇವರೇ.

ಅಂಬಲದಲ್ಲಿ ನಿಲ್ಲಿಸಿ ತಕ್ಕರು ಕೇಳಿದರು:
‘ಜೊತೆಗೆ ಯಾರ್ಯಾರಿದ್ದರು?’
ನನ್ನ ಸೀರೆಯಂಚು ಇನ್ನೂ ಒದ್ದೆ, ಅದಕ್ಕೆ ಕರಿ ಕಲೆ.
ದೇಚಿ ಅದರ ಮೇಲೆ ಕಾಲಿಟ್ಟು ನಿಂತಳು.
ನೀನು ಒಂದೇ ಕಣ್ಣಲ್ಲಿ ನಮ್ಮನ್ನು ಎಣಿಸಿದೆ,
ಎಣಿಸಿ ಮುಗಿಸಿ ಹೇಳಿದೆ:
‘ಮಾಟಕ್ಕೆ ಜೊತೆ ಯಾಕೆ?
ಕೂತಲ್ಲೇ ಅಂದೆ, ಮದ್ದು ಕರಗಿತು.
ಇನ್ನೊಮ್ಮೆ ಕೇಳಿ, ನಿಮ್ಮ ನಾಲಗೆಯೂ ಕರಗುತ್ತದೆ.’

ಯಾರೂ ಇನ್ನೊಮ್ಮೆ ಕೇಳಲಿಲ್ಲ.

ತಲೆ ಬೋಳಿಸಿದರು. ಜೇನಿನ ಗಡಿಗೆ ಒಡೆದರು,
ಒಡೆದು ಬೆರಳು ನೆಕ್ಕಿದರು.
ಕೊಲ್ಲಲು ಹೆದರಿ ಹೊಳೆ ದಾಟಿಸಿ ಬಿಟ್ಟರು,
ಆ ಹೆದರಿಕೆಯೊಂದೇ ನೀನು ಮಾಡಿದ ಮಾಟ.
ಕಾಡು ಹೊಕ್ಕ ಮೇಲೆ ಕೇಳಿದ್ದು ನಿನ್ನ ಸಿಳ್ಳೆಯೋ ಹಕ್ಕಿಯದೋ,
ದೇಚಿಗೂ ನನಗೂ ಇವತ್ತಿಗೂ ಜಗಳ.

ಜಗಳ ಅಂದರೆ ನೆನಪಾಯಿತು, ಅವರ ಜಗಳ ನಿಲ್ಲಲಿಲ್ಲ.
ಒಂಬತ್ತನೆಯ ದಿನ ಬೇರೆ ಮದ್ದು ಬಂತು, ಎತ್ತಿನ ಬೆನ್ನ ಮೇಲೆ.
ಕುಟ್ಟ ಸತ್ತ. ಮೊಣ್ಣನ ಎಡಗೈ ಹೋಯಿತು.
ಯಾರ ಗುಂಡು ಯಾರಿಗೆಂದು ನಾನು ಕೇಳಲಿಲ್ಲ,
ಅವನು ಹೇಳಲಿಲ್ಲ,
ಮೂವತ್ತು ವರ್ಷ ಒಂದೇ ಚಾಪೆ.

ನಮಗೆ ಸಿಕ್ಕಿದ್ದು ಎಂಟು ದಿನ.
ಅದರಲ್ಲೊಂದು ದಿನ ಕುಟ್ಟ ಆಚೆ ದಡಕ್ಕೆ ಬಂದು
ತಲೆವಸ್ತ್ರದಲ್ಲಿ ನೆಲ್ಲಿಕಾಯಿ ಕಟ್ಟಿ ಎಸೆದಿದ್ದ.
ಅರ್ಧ ನೀರುಪಾಲು.
ಉಳಿದದ್ದು ತಿಂದು ಹೊಳೆಯ ನೀರು ಕುಡಿದೆ, ಸಿಹಿ.
ಎಂಟು ದಿನಕ್ಕೆ ನಿನ್ನ ಇಡೀ ಬದುಕು,
ದುಬಾರಿಯಾಯಿತೇ ಎಂದು ಕೇಳಲು ನೀನೇ ಇಲ್ಲ.

ಈಗ ಮೊಮ್ಮಗಳು ಹಟ ಹಿಡಿದರೆ ಸೊಸೆ
‘ಚೋಂದವ್ವ ಬರುತ್ತಾಳೆ, ಸುಮ್ಮನಿರು’ ಅನ್ನುತ್ತಾಳೆ.
ಒಲೆಯ ಮೂಲೆಯಿಂದ ನಾನು
‘ಬರಲಿ’ ಅನ್ನುತ್ತೇನೆ.
ಅಷ್ಟೇ ಅನ್ನುತ್ತೇನೆ.
ಹಲ್ಲೆಲ್ಲ ಬಿದ್ದ ಮೇಲೂ
ಅಷ್ಟೇ.